ನೆಕ್ಕರ್ ತೀರದಲ್ಲಿ ಒಂದು ಚಳಿಗಾಲ

ಟ್ಯೂಬಿಂಗೆನ್ ಎಂಬುದು ಜರ್ಮನಿ ದೇಶದ ನೈಋತ್ಯ ಭಾಗದಲ್ಲಿ, ನೆಕ್ಕರ್ ನದಿಯ ದಂಡೆಯ ಮೇಲಿರುವ ಸಣ್ಣದೊಂದು ಪಟ್ಟಣ. ಜನಸಂಖ್ಯೆ ಸುಮಾರು 90,000. ಬೀದಿಯಲ್ಲಿ ಎದುರಾಗುವ ಮೂವರಲ್ಲಿ ಒಬ್ಬರು ವಿದ್ಯಾರ್ಥಿಯೆಂದರೆ ಅತಿಶಯೋಕ್ತಿಯಾಗದು. 1477ರಲ್ಲಿ ಎಬರ್ಹಾರ್ಟ್ ಎಂಬ ದೊರೆಯು ಸ್ಥಾಪಿಸಿದ ವಿಶ್ವವಿದ್ಯಾನಿಲಯವೇ ಆ ಊರಿನ ಜೀವ. ಅಲ್ಲಿ ಜೀವರಸಾಯನಶಾಸ್ತ್ರವನ್ನು ಕಲಿಯುವುದಕ್ಕಾಗಿ ನಾನು 2023ರ ಅಕ್ಟೋಬರಿನಲ್ಲಿ ಶಿರಸಿಯ ಕಡೆಯ ಹಳ್ಳಿಯೊಂದರಿಂದ ಹೋದೆನು. ಈಗ ಆ ಊರನ್ನು ವರ್ಣಿಸಲು ಕುಳಿತರೆ ಮೊದಲು ನೆನಪಿಗೆ ಬರುವುದು ಅಲ್ಲಿನ ಕೋಟೆಯೂ ಅಲ್ಲ, ಇಗರ್ಜಿಯೂ ಅಲ್ಲ; ನನ್ನ ಲೆಕ್ಕದ ಪುಸ್ತಕ.

ಜರ್ಮನಿಗೆ ಓದಲು ಹೊರಟವರು ಒಂದು ವರ್ಷದ ಜೀವನವೆಚ್ಚವನ್ನು ಮೊದಲೇ ಖಾತೆಯೊಂದರಲ್ಲಿ ಕಟ್ಟಿಡಬೇಕೆಂದು ನಿಯಮವುಂಟು. ನಾನು ಹೋದಾಗ ಆ ಮೊತ್ತವು 11,208 ಯೂರೋ, ಎಂದರೆ ಸುಮಾರು ಹತ್ತು ಲಕ್ಷ ರೂಪಾಯಿ. ಅದರಿಂದ ತಿಂಗಳಿಗೆ 934 ಯೂರೋಗಳಂತೆ ಕೈಗೆ ಬರುತ್ತಿದ್ದಿತು. ಅದಲ್ಲದೆ, ಯುರೋಪಿನ ಒಕ್ಕೂಟದ ಹೊರಗಿನಿಂದ ಬಂದವರು ಆ ಪ್ರಾಂತದಲ್ಲಿ ಪ್ರತಿ ಆರು ತಿಂಗಳಿಗೆ 1,500 ಯೂರೋ ಶುಲ್ಕ ತೆರಬೇಕು. ಇಷ್ಟಕ್ಕೂ ಅಪ್ಪಯ್ಯನು ಅಡಕೆಯ ತೋಟವನ್ನು ಅಡವಿಟ್ಟಿದ್ದನು. ಆದುದರಿಂದ ಅಲ್ಲಿ ಕಂಡ ಪ್ರತಿಯೊಂದು ಬೆಲೆಯನ್ನೂ ತೊಂಬತ್ತರಿಂದ ಗುಣಿಸಿ ನೋಡುವ ಅಭ್ಯಾಸ ನನಗಾಯಿತು. ಒಂದು ಬಟ್ಟಲು ಕಾಫಿಗೆ ಮೂರು ಯೂರೋ. ಇನ್ನೂರ ಎಪ್ಪತ್ತು ರೂಪಾಯಿಯ ಕಾಫಿ ಇಳಿಯುವಂಥ ಗಂಟಲು ನನಗಿರಲಿಲ್ಲ. ಜೊತೆಯವರು ಕರೆದಾಗಲೆಲ್ಲ ಏನಾದರೊಂದು ನೆವ ಹೇಳಿ ಕೋಣೆಗೆ ಮರಳುತ್ತಿದ್ದೆನು.

ಆ ಕೋಣೆಯು ಗುಡ್ಡದ ಓರೆಯಲ್ಲಿದ್ದ ಹಳೆಯ ಮನೆಯೊಂದರ ಮೇಲಂತಸ್ತಿನಲ್ಲಿತ್ತು. ಕೆಳಗೆ ಮನೆಯೊಡತಿ, ಎಪ್ಪತ್ತೆಂಟು ವರ್ಷದ ವಿಧವೆ, ಒಬ್ಬಳೇ ಇದ್ದಳು. ಹೋದ ಎರಡನೆಯ ವಾರ ನನ್ನ ಬಾಗಿಲ ಹಿಡಿಗೆ ಒಂದು ಪುಟ್ಟ ಹಲಗೆ ತೂಗುಬಿದ್ದುದನ್ನು ಕಂಡು, ಬಾಡಿಗೆಯ ವಿಷಯದಲ್ಲಿ ಏನೋ ತಪ್ಪಾಗಿರಬೇಕೆಂದು ಹೆದರಿದೆನು. ಅದರ ಮೇಲೆ 'ಕೇರ್‌ವೊಖೆ' ಎಂದಿದ್ದಿತು. ಗುಡಿಸುವ ವಾರ ಎಂದರ್ಥ. ಸ್ವಾಬಿಯ ಎಂದು ಕರೆಯುವ ಆ ಸೀಮೆಯಲ್ಲಿ ಒಂದು ಮನೆಯಲ್ಲಿರುವ ಒಕ್ಕಲುಗಳೆಲ್ಲ ಸರದಿಯಿಂದ ಮೆಟ್ಟಿಲನ್ನೂ ಮನೆಯ ಮುಂದಣ ಹಾದಿಯನ್ನೂ ಗುಡಿಸಬೇಕು. ಸರದಿ ಮುಗಿದವರು ಹಲಗೆಯನ್ನು ಮುಂದಿನವರ ಬಾಗಿಲಿಗೆ ತೂಗುಹಾಕುತ್ತಾರೆ. ಜರ್ಮನಿಯ ಇತರ ಕಡೆಯವರು ಇದನ್ನು ಹೇಳಿಕೊಂಡು ನಗುವುದುಂಟು. ಬೆಳಗಾಗುವ ಮೊದಲೇ ಅಂಗಳ ಗುಡಿಸಿ ಸಾರಿಸುವ ಮನೆಯಲ್ಲಿ ಹುಟ್ಟಿದವಳಿಗೆ ಇದರಲ್ಲಿ ನಗುವಂಥದೇನೂ ಕಾಣಲಿಲ್ಲ. ನಾನು ಪೊರಕೆ ಹಿಡಿದ ರೀತಿಯನ್ನು ಆಕೆ ಕಿಟಕಿಯಿಂದ ನೋಡುತ್ತಿದ್ದಳೆಂದು ಆಮೇಲೆ ತಿಳಿಯಿತು. ಆ ದಿನದಿಂದ ನಮಸ್ಕಾರದ ಜೊತೆಗೆ ಎರಡು ಮಾತು ಹೆಚ್ಚಾಗಿ ಆಡತೊಡಗಿದಳು.

ನವೆಂಬರು ಬಂದಂತೆ ಬೆಳಕು ಕುಗ್ಗಿತು. ಡಿಸೆಂಬರಿನ ನಡುವೆ ಅಲ್ಲಿ ಸೂರ್ಯ ಹುಟ್ಟುವಾಗ ಬೆಳಗ್ಗೆ ಎಂಟು ಗಂಟೆ ದಾಟಿರುತ್ತದೆ. ಮುಳುಗುವಾಗ ಸಂಜೆ ನಾಲ್ಕೂವರೆ ಆಗಿರುವುದಿಲ್ಲ. ಮೋಡ ಕವಿದ ದಿನಗಳಲ್ಲಿ ಹುಟ್ಟಿದುದೂ ಮುಳುಗಿದುದೂ ಗೊತ್ತಾಗುವುದಿಲ್ಲ. ನಮ್ಮ ಮಲೆನಾಡಿನ ಆಷಾಢದ ಕತ್ತಲೆಯನ್ನು ಬಲ್ಲೆನು. ಆದರೆ ಅದಕ್ಕೆ ಮಳೆಯ ಸದ್ದಾದರೂ ಉಂಟು. ಹಿಮಕ್ಕೆ ಸದ್ದೇ ಇಲ್ಲ.

ಅಂಥ ಒಂದು ಭಾನುವಾರ ಮನೆಗೆ ಫೋನು ಮಾಡಿದಾಗ ಆಯಿ, "ಎಂತ ನೋಡಿದೆ ತಂಗೀ, ಈ ವಾರ?" ಎಂದು ಕೇಳಿದಳು. ಏನೂ ನೋಡಲಿಲ್ಲ, ದುಡ್ಡು ಉಳಿಸುತ್ತಿದ್ದೇನೆ ಎಂದೆನು, ಸ್ವಲ್ಪ ಹೆಮ್ಮೆಯಿಂದಲೇ. ಅಪ್ಪಯ್ಯನು ಫೋನು ತೆಗೆದುಕೊಂಡನು. ಅವನು ಮಾತು ಕಡಮೆ. "ತೋಟ ಅಡವಿಟ್ಟದ್ದು ನೀನು ಅಲ್ಲಿ ಕೋಣೆಯೊಳಗೆ ಕೂತು ಅನ್ನ ತಂಬುಳಿ ಉಣ್ಣಲಿ ಎಂದಲ್ಲ. ಅದನ್ನು ಇಲ್ಲಿಯೇ ಉಣ್ಣಬಹುದಿತ್ತು. ನಾವಂತೂ ಆ ದೇಶ ನೋಡುವವರಲ್ಲ. ನೀನೂ ನೋಡದಿದ್ದರೆ ನಮಗೆ ಹೇಳುವವರು ಯಾರು? ಸಾಲದ ಲೆಕ್ಕ ನಾನು ಇಟ್ಟುಕೊಳ್ಳುತ್ತೇನೆ," ಎಂದನು.

ಮರುದಿನ ಮೂರು ಯೂರೋ ಕೊಟ್ಟು ಕಾಫಿ ಕುಡಿದೆನು. ಕಾಫಿ ನಮ್ಮಷ್ಟು ಗಟ್ಟಿಯಾಗಿರಲಿಲ್ಲವೆಂಬುದು ಬೇರೆ ಮಾತು.

ಆಮೇಲೆ ಊರು ತಾನಾಗಿಯೇ ತೆರೆದುಕೊಂಡಿತೆನ್ನಬಹುದು. ರೊಟ್ಟಿಯಂಗಡಿಯ ಬ್ರೆಟ್ಸೆಲ್ ನನ್ನ ದಿನನಿತ್ಯದ ಸುಖವಾಯಿತು. ಕೈಕಟ್ಟಿ ನಿಂತವರ ತೋಳಿನಂತೆ ಹೆಣೆದ ಉಪ್ಪು ರೊಟ್ಟಿಯದು. ಸ್ವಾಬಿಯದವರು ಅದರ ತೋಳನ್ನು ಸಣ್ಣಗೆ ಗರಿಗರಿಯಾಗಿಯೂ, ಹೊಟ್ಟೆಯನ್ನು ದಪ್ಪಗೆ ಮೆತ್ತಗೆಯೂ ಮಾಡುತ್ತಾರೆ. ತಪ್ಪು ಮಾಡಿ ಮರಣದಂಡನೆಗೆ ಗುರಿಯಾದ ರೊಟ್ಟಿಗಾರನೊಬ್ಬನಿಗೆ ಎಬರ್ಹಾರ್ಟ್ ದೊರೆಯು, ಸೂರ್ಯನ ಬೆಳಕು ಮೂರು ಕಡೆ ಹಾಯುವಂಥ ರೊಟ್ಟಿಯನ್ನು ಸುಟ್ಟರೆ ಬಿಡುವೆನೆಂದನಂತೆ. ಹಾಗೆ ಹುಟ್ಟಿತು ಬ್ರೆಟ್ಸೆಲ್ ಎಂಬುದು ಅಲ್ಲಿನ ಕತೆ. ವಿಶ್ವವಿದ್ಯಾನಿಲಯವನ್ನು ಕಟ್ಟಿದ ದೊರೆಯೇ ಅವನು. ಎರಡು ಉಪಕಾರಗಳಲ್ಲಿ ಯಾವುದು ದೊಡ್ಡದೆಂದು ಹೇಳುವುದು ಹಸಿದ ವಿದ್ಯಾರ್ಥಿಗೆ ಕಷ್ಟ.

ಊರಿನ ತಲೆಯ ಮೇಲಿರುವ ಕೋಟೆಯಲ್ಲಿ ಒಂದು ಅಡುಗೆಮನೆಯುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಪ್ರಯೋಗಶಾಲೆಯನ್ನಾಗಿ ಮಾಡಿದ್ದರು. ಬಾಸೆಲ್ ಪಟ್ಟಣದಿಂದ ಬಂದಿದ್ದ ಫ್ರೀಡ್ರಿಖ್ ಮೀಷರ್ ಎಂಬ ತರುಣ ವೈದ್ಯನು, ಆಸ್ಪತ್ರೆಯಿಂದ ತರಿಸಿದ ಗಾಯದ ಪಟ್ಟಿಗಳ ಕೀವಿನಿಂದ, ಅದುವರೆಗೆ ಯಾರೂ ಅರಿಯದಿದ್ದ ವಸ್ತುವೊಂದನ್ನು 1869ರಲ್ಲಿ ಅಲ್ಲಿ ಬೇರ್ಪಡಿಸಿದನು. ಇಂದು ಶಾಲೆಯ ಮಕ್ಕಳೂ ಡಿಎನ್ಎ ಎನ್ನುವುದು ಅದನ್ನೇ. ನಮ್ಮ ಶಾಸ್ತ್ರದವರಿಗೆ ಅದೊಂದು ಕ್ಷೇತ್ರ. ಕಲ್ಲಿನ ಕಮಾನುಗಳ ಕೆಳಗೆ ನಿಂತಾಗ, ಕೈಕೊರೆಯುವ ಚಳಿಯಲ್ಲಿ ಆ ತರುಣನು ಕೀವು ತೊಳೆಯುತ್ತ ಕುಳಿತಿದ್ದುದು ಕಣ್ಣಿಗೆ ಕಟ್ಟಿತು. ನನ್ನ ಕೋಣೆಗೆ ಬಿಸಿನೀರಿನ ಕೊಳವೆಯ ಕಾವು ಉಂಟೆಂಬುದನ್ನು ನೆನೆದು ನಾಚಿದೆನು.

ಆ ವರ್ಷ ಡಿಸೆಂಬರ್ 24 ಭಾನುವಾರವಾಗಿ ಬಂದಿತು. ಭಾನುವಾರ ಅಲ್ಲಿ ಅಂಗಡಿಗಳು ಮುಚ್ಚುತ್ತವೆ. ಕ್ರಿಸ್ಮಸ್ಸಿಗೆ 25, 26 ಎರಡು ದಿನವೂ ರಜೆ. ಇದನ್ನು ಎಣಿಸದೆ ಶನಿವಾರ ನಿದ್ದೆಮಾಡಿದ ನನ್ನ ಬಳಿ ಉಳಿದಿದ್ದುದು ಅರ್ಧ ಸೇರು ಅಕ್ಕಿ, ಸ್ವಲ್ಪ ರವೆ, ಸಕ್ಕರೆ, ಆಯಿ ಕಟ್ಟಿಕೊಟ್ಟಿದ್ದ ಏಲಕ್ಕಿ. ಹಾಲಿಲ್ಲ, ಬೆಣ್ಣೆಯಿಲ್ಲ. ನಾಚಿಕೆ ಬಿಟ್ಟು ಕೆಳಗೆ ಹೋಗಿ ಬೆಣ್ಣೆ ಕೇಳಿದೆನು. ಮನೆಯೊಡತಿಯು ಬೆಣ್ಣೆಯನ್ನು ಕೊಟ್ಟು, ಸಂಜೆ ಊಟಕ್ಕೂ ಬರಬೇಕೆಂದಳು.

ಕ್ರಿಸ್ಮಸ್ಸಿನ ಮೊದಲ ನಾಲ್ಕು ಭಾನುವಾರಗಳಲ್ಲಿ ಹಸಿರು ಕೊಂಬೆಯ ಬಳೆಯೊಂದರ ಮೇಲೆ ವಾರಕ್ಕೊಂದರಂತೆ ಮೇಣದ ದೀಪ ಹಚ್ಚುವ ಪದ್ಧತಿ ಅಲ್ಲಿ ಉಂಟು. ಆ ವರ್ಷ ನಾಲ್ಕನೆಯ ದೀಪವೂ ಹಬ್ಬದ ಮರದ ದೀಪಗಳೂ ಒಂದೇ ಸಂಜೆ ಹತ್ತಿದವು. ಹಬ್ಬದ ಹಿಂದಿನ ರಾತ್ರಿ ಎಷ್ಟೋ ಜರ್ಮನ್ ಮನೆಗಳಲ್ಲಿ ಆಲೂಗಡ್ಡೆಯ ಪಚಡಿಯೇ ಮುಖ್ಯ ಊಟ. ಅದನ್ನು ಸ್ವಾಬಿಯದವರು ಮಾಂಸದ ಸಾರಿನಿಂದ ಹದಗೊಳಿಸುತ್ತಾರೆ; ಆಕೆಯಾದರೋ ನನಗಾಗಿ ತರಕಾರಿಯ ಸಾರನ್ನು ಬೇರೆ ಕಾಯಿಸಿದ್ದಳು. ನಾನು ಆಕೆಯ ಬೆಣ್ಣೆಯಿಂದಲೇ ತುಪ್ಪ ಕಾಸಿ ರವೆಯ ಶಿರಾ ಮಾಡಿ ಒಯ್ದಿದ್ದೆನು. ಮೊದಲ ತುತ್ತಿಗೇ ಆಕೆ ಎದ್ದುಹೋಗಿ ಡಬ್ಬಿಯೊಂದನ್ನು ತಂದಳು. ಅದರಲ್ಲಿ ಜೇನಿನ ಮಸಾಲೆ ರೊಟ್ಟಿ, ಅವರು ಲೇಬ್‌ಕೂಖೆನ್ ಎನ್ನುವುದು. ಮುಚ್ಚಳ ತೆಗೆದೊಡನೆ ಏಲಕ್ಕಿ ಲವಂಗಗಳ ಕಂಪು! ಶತಮಾನಗಳಿಂದ ಅವರ ಹಬ್ಬದ ವಾಸನೆಯು ನಮ್ಮ ತೋಟದ ವಾಸನೆಯೇ ಎಂದು ನಾನು ತಿಳಿದುದು ಆ ರಾತ್ರಿ.

ಹಬ್ಬ ಕಳೆದ ಮೇಲೆ ಪ್ರವಾಸಕ್ಕೆ ಹೊರಟೆನು. ಆ ದೇಶದಲ್ಲಿ 2023ರ ಮೇ ತಿಂಗಳಿನಿಂದ ತಿಂಗಳಿಗೊಂದು ಚೀಟಿ ಜಾರಿಯಲ್ಲಿದೆ. ಆಗ ಅದರ ಬೆಲೆ 49 ಯೂರೋ. ವಿದ್ಯಾರ್ಥಿಗಳಿಗೆ ಇನ್ನೂ ಸೋವಿ. ವೇಗದ ಗಾಡಿಗಳನ್ನು ಬಿಟ್ಟು, ಊರೂರಿಗೆ ನಿಲ್ಲುವ ಗಾಡಿಗಳಲ್ಲಿ ದೇಶದ ಯಾವ ಮೂಲೆಗಾದರೂ ಅದರಿಂದ ಹೋಗಬಹುದು. ನಿಧಾನದ ಗಾಡಿಯೇ ನನಗೆ ಹಿತ. ಕಿಟಕಿಯಿಂದ ನೋಡುವುದಕ್ಕೆ ಹೆಚ್ಚು ಹೊತ್ತು ಸಿಗುತ್ತದೆ.

ಮೊದಲು ಉಲ್ಮ್ ಪಟ್ಟಣ. ಅಲ್ಲಿನ ಇಗರ್ಜಿಗೆ 1377ರಲ್ಲಿ ಅಡಿಗಲ್ಲಿಟ್ಟರು. ಶಿಖರ ಮುಗಿದುದು 1890ರಲ್ಲಿ. ಎತ್ತರ 161 ಮೀಟರಿಗೂ ಮಿಗಿಲು. ನಾನು ನೋಡಿದಾಗ ಇಗರ್ಜಿಗಳಲ್ಲಿ ಜಗತ್ತಿಗೇ ಎತ್ತರದ್ದು ಅದಾಗಿದ್ದಿತು. 2025ರಲ್ಲಿ ಬಾರ್ಸಿಲೋನದ ಇಗರ್ಜಿಯು ಅದನ್ನು ಮೀರಿಸಿತು. ಆ ಶಿಖರಕ್ಕಿಂತ ನನ್ನ ಮನಸ್ಸನ್ನು ಹಿಡಿದುದು ದಾರಿ. ಗೈಸ್ಲಿಂಗೆನ್ ಎಂಬಲ್ಲಿ ರೈಲುಗಾಡಿಯು ಏದುಸಿರು ಬಿಡುವಂತೆ ಘಟ್ಟವನ್ನು ಹತ್ತುತ್ತದೆ. ಘಟ್ಟದ ಈಚೆಯ ನೀರು ನೆಕ್ಕರಿಗೆ ಸೇರಿ, ರೈನ್ ನದಿಯ ಮೂಲಕ ಉತ್ತರ ಸಮುದ್ರಕ್ಕೆ ಹೋಗುತ್ತದೆ. ಆಚೆಯ ನೀರು ಡ್ಯಾನ್ಯೂಬಿಗೆ ಸೇರಿ ದೂರದ ಕಪ್ಪುಸಮುದ್ರಕ್ಕೆ. ನಮ್ಮ ಶಿರಸಿ ತಾಲೂಕಿನಲ್ಲಿಯೇ ಅಘನಾಶಿನಿಯು ಪಡುವಣ ಕಡಲಿಗೆ ಇಳಿದರೆ, ವರದೆಯು ಬನವಾಸಿಯನ್ನು ಬಳಸಿ ಮೂಡಣಕ್ಕೆ ಹರಿಯುವುದಿಲ್ಲವೇ! ಉಲ್ಮಿನಲ್ಲಿ ಡ್ಯಾನ್ಯೂಬಿನ ದಂಡೆಯಿಂದ ಅಪ್ಪಯ್ಯನಿಗೆ ಫೋನು ಮಾಡಿ ಇದನ್ನು ಹೇಳಿದೆನು. ಇಗರ್ಜಿಯ ಎತ್ತರವನ್ನು ಕೇಳಿ ಸುಮ್ಮನಿದ್ದವನು, ನೀರಿನ ಮಾತಿಗೆ ಹತ್ತು ಪ್ರಶ್ನೆ ಕೇಳಿದನು.

ಎರಡನೆಯ ಪ್ರವಾಸ ಕಾಲ್ವ್ ಎಂಬ ಊರಿಗೆ. ಹೋರ್ಬಿನಲ್ಲಿ ಗಾಡಿ ಬದಲಿಸಿ, ನಾಗೋಲ್ಡ್ ಹೊಳೆಯ ಕಣಿವೆಯಲ್ಲಿ ಕಪ್ಪು ಕಾಡಿನ ನಡುವೆ ಹೋಗಬೇಕು. 'ಸಿದ್ಧಾರ್ಥ' ಎಂಬ ಕಾದಂಬರಿಯನ್ನು ಬರೆದ ಹೆರ್ಮಾನ್ ಹೆಸ್ಸೆ 1877ರಲ್ಲಿ ಹುಟ್ಟಿದುದು ಅಲ್ಲಿ. ಹೊಳೆಯ ಹಳೆಯ ಸೇತುವೆಯ ಮೇಲೆ ಅವನ ಕಂಚಿನ ಪ್ರತಿಮೆಯು ದಾರಿಹೋಕನಂತೆ ನಿಂತಿದೆ. ನಾನು ಹೋದುದು ಅವನ ತಾಯಿಗಾಗಿ. ಆಕೆ ಮಾರಿ ಗುಂಡರ್ಟ್; ಮಲಯಾಳದ ನಿಘಂಟನ್ನು ರಚಿಸಿದ ಹೆರ್ಮಾನ್ ಗುಂಡರ್ಟರ ಮಗಳು, 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಎಳೆಯ ಮಗುವಾಗಿದ್ದಾಗಲೇ ಅವಳನ್ನು ಯುರೋಪಿಗೆ ಕರೆತಂದು ಬಿಟ್ಟು ತಂದೆತಾಯಿಗಳು ಮಲಬಾರಿಗೆ ಮರಳಿದರು. ಮತ್ತೆ ಅವರನ್ನು ಸೇರಿದಾಗ ಅವಳ ಬಾಲ್ಯ ಕಳೆದುಹೋಗಿತ್ತು. ನಾನು ಇಪ್ಪತ್ತಮೂರು ವರ್ಷದವಳು, ವಾರಕ್ಕೆರಡು ಸಲ ಮನೆಯವರ ಮುಖವನ್ನು ಫೋನಿನಲ್ಲಿ ಕಾಣುವವಳು. ಸೇತುವೆಯ ಮೇಲೆ ನಿಂತಷ್ಟು ಹೊತ್ತೂ ಆ ಮಗುವಿನ ನೆನಪೇ.

ಮರಳಿ ಬರುವಾಗ ನಮ್ಮ ಕಿಟ್ಟೆಲರ ನೆನಪೂ ಬಂದಿತು. ನಮ್ಮ ಅಜ್ಜ ಶಾಲೆಯ ಮಾಸ್ತರರು. ಯಾವುದಾದರೂ ಶಬ್ದಕ್ಕೆ ಜಗಳ ಬಂದರೆ, "ಕಿಟ್ಟೆಲ್ ನೋಡು" ಎಂಬುದು ಅವರ ತೀರ್ಪು. 1853ರಲ್ಲಿ ಕನ್ನಡ ನಾಡಿಗೆ ಬಂದು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಮಹಾಕೋಶವನ್ನು ನಮಗೆ ಕೊಟ್ಟ ಅವರು ಕಡೆಯ ವರ್ಷಗಳನ್ನು ಕಳೆದುದು ಟ್ಯೂಬಿಂಗೆನ್ನಿನಲ್ಲಿಯೇ. ಅಲ್ಲಿನ ವಿಶ್ವವಿದ್ಯಾನಿಲಯವು 1896ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನಿತ್ತಿತು. 1903ರ ಡಿಸೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ಊರಿನ ಪುಸ್ತಕದಂಗಡಿಯೊಂದರಲ್ಲಿ 1895ರಿಂದ 1899ರವರೆಗೆ ತರುಣ ಹೆಸ್ಸೆ ಕೆಲಸಕ್ಕಿದ್ದನು. ಆ ಮುದುಕರೂ ಈ ಹುಡುಗನೂ ಎಂದಾದರೂ ಎದುರುಬದುರಾಗಿದ್ದರೋ ಏನೋ. ಊರು ಅಷ್ಟು ಚಿಕ್ಕದು. ಆ ರಾತ್ರಿ ನಿಲ್ದಾಣದಿಂದ ಹಿಮದ ಮೇಲೆ ನಡೆದು ಬರುತ್ತ, ತಂಬುಳಿ, ಕಟ್ಟೆ, ಕೊಟ್ಟಿಗೆ ಎಂಬ ಶಬ್ದಗಳನ್ನು ಬಾಯಿಬಿಟ್ಟು ಹೇಳಿಕೊಂಡೆನು. ಇವನ್ನು ಬಲ್ಲವರೊಬ್ಬರು ಈ ಬೀದಿಗಳಲ್ಲಿ ಹಿಂದೆಯೇ ಓಡಾಡಿದ್ದರೆಂದು ಏನೋ ಧೈರ್ಯ.

ಹೊಸ ವರ್ಷದ ನಡುರಾತ್ರಿ ಇಡೀ ಊರೇ ಪಟಾಕಿ ಹಾರಿಸಿತು. ಬೆಳಗ್ಗೆ ನೋಡಿದರೆ ಗುಡಿಸುವ ಹಲಗೆ ನನ್ನ ಬಾಗಿಲಿನಲ್ಲಿ! ಹಾದಿಯ ತುಂಬ ಕೆಂಪು ಕಾಗದದ ಚೂರು, ನಮ್ಮಲ್ಲಿ ದೀಪಾವಳಿಯ ಮರುದಿನದಂತೆ. ಅರ್ಧ ಗುಡಿಸಿರುವಾಗ ಮನೆಯೊಡತಿಯು ತಟ್ಟೆಯಲ್ಲಿ ಕಾಫಿಯನ್ನೂ, ಹೊಸ ವರ್ಷಕ್ಕೆಂದೇ ಮಾಡುವ ಸಿಹಿ ಬ್ರೆಟ್ಸೆಲ್ಲಿನ ತುಂಡನ್ನೂ ತಂದಳು. ಜರ್ಮನ್ ಭಾಷೆಯಲ್ಲಿಯೂ ನಮ್ಮಂತೆ 'ನೀನು' 'ನೀವು' ಎಂಬ ಭೇದವುಂಟು. ಪರಿಚಯವಾದ ದೊಡ್ಡವರೆಲ್ಲ ಪರಸ್ಪರ ಬಹುವಚನದಲ್ಲಿಯೇ ಮಾತಾಡುವರು. ವಯಸ್ಸಿನಲ್ಲಿ ಹಿರಿಯರು ತಾವಾಗಿ ಹೇಳಿದಲ್ಲದೆ ಏಕವಚನಕ್ಕೆ ಇಳಿಯುವಂತಿಲ್ಲ. ಮೂರು ತಿಂಗಳಿಂದ ನನ್ನನ್ನು 'ನೀವು' ಎನ್ನುತ್ತಿದ್ದ ಆಕೆ ಕೈ ನೀಡಿ, ತನ್ನ ಹೆಸರು ಹೇಳಿ, ಇನ್ನು ಮೇಲೆ ನಾವಿಬ್ಬರೂ 'ನೀನು' ಎಂದುಕೊಳ್ಳೋಣ ಎಂದಳು.

ಆಕೆ ನನ್ನನ್ನು 'ನೀನು' ಎಂದುದು ಸರಿಯೇ. ಕಿವಿಗೆ ಹಿತವೂ ಆಯಿತು. ಆದರೆ ಅಜ್ಜಿಯ ವಯಸ್ಸಿನವಳನ್ನು ಹೆಸರು ಹಿಡಿದು 'ನೀನು' ಎನ್ನುವುದು ಹೇಗೆ? ಹಾಗೆನ್ನದಿದ್ದರೆ ಆಕೆಗೆ ಅವಮಾನ. ಓದು ಮುಗಿಸಿ ಬಂದು ಕೆಲಸಕ್ಕೆ ಸೇರಿ, ತೋಟದ ಸಾಲವನ್ನು ತಿಂಗಳು ತಿಂಗಳು ತೀರಿಸುತ್ತಿರುವ ಈಗಲೂ, ಡಿಸೆಂಬರಿನಲ್ಲಿ ಏಲಕ್ಕಿಯ ಪೊಟ್ಟಣದೊಡನೆ ಆಕೆಗೆ ಕಾಗದ ಬರೆಯುವಾಗ, ಎರಡೂ ಮಾತು ಬಾರದಂತೆ ವಾಕ್ಯಗಳನ್ನು ತಿರುಚಿ ತಿರುಚಿ ಬರೆಯುತ್ತೇನೆ.