ಬೆಳ್ಳಿ ಮೂಡುವ ದಿಕ್ಕು

ಹಳದೀಪುರದ ನಮ್ಮ ಮನೆಯಲ್ಲಿ ಗೋಡೆ ಗಡಿಯಾರವಿತ್ತು. ಆದರೂ ಅಜ್ಜಿ ಹೊತ್ತು ಅಳೆಯುತ್ತಿದ್ದದ್ದು ಅಂಗಳಕ್ಕಿಳಿದು, ಆಕಾಶ ನೋಡಿ. ಪೂರ್ವದ ಘಟ್ಟದ ಸಾಲಿನ ಮೇಲೆ ಬೆಳ್ಳಿ ಮೂಡಿತೆಂದರೆ ಕೊಟ್ಟಿಗೆ ಕೆಲಸ ಶುರು. ಅದು ಶುಕ್ರಗ್ರಹ ಎಂದು ನಾನು ಕಲಿತದ್ದು ಶಾಲೆಯಲ್ಲಿ. ಕೆಲವು ತಿಂಗಳು ಅದು ಬೆಳಗಿನ ಜಾವ ಕಾಣುವುದಿಲ್ಲ, ಆಮೇಲೆ ಸಂಜೆ ಸಮುದ್ರದ ಕಡೆ ಕಾಣಿಸಿಕೊಳ್ಳುತ್ತದೆ ಎಂಬುದು ಶಾಲೆಗೆ ಹೋಗದ ಅಜ್ಜಿಗೆ ಮೊದಲೇ ಗೊತ್ತಿತ್ತು.

ಆಕಾಶದ ಭಯ ನಮ್ಮೂರಿಗೆ ಬಂದದ್ದು 1979ರಲ್ಲಿ, ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಬೀಳುತ್ತದೆ ಎಂಬ ಸುದ್ದಿಯೊಂದಿಗೆ. ಆಷಾಢದ ಮಳೆ, ತಲೆಯೆತ್ತಿದರೆ ಮೋಡ ಬಿಟ್ಟು ಬೇರೇನೂ ಇಲ್ಲ. ರೇಡಿಯೊ ಇದ್ದ ಮನೆಗಳ ಜಗಲಿಯಲ್ಲಿ ಜನ ಸೇರುತ್ತಿದ್ದರು. ಜುಲೈ 11ರಂದು ಅದರ ಚೂರುಗಳು ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಆಸ್ಟ್ರೇಲಿಯಾದ ಮೇಲೆ ಉದುರಿದವು. ಊರು ಗದ್ದೆಗೆ ಮರಳಿತು.

ಈಗ ಅದೇ ಅಂಗಳಕ್ಕೆ ಹೆದ್ದಾರಿಯ ಬೆಳಕು ಬೀಳುತ್ತದೆ. ಸ್ಟಾರ್‌ಲಿಂಕ್ ಉಪಗ್ರಹಗಳು ಸಾಲುಗಟ್ಟಿ ಹೋದ ಸಂಜೆ ಫೋನಿಗೆ ಹತ್ತಾರು ವಿಡಿಯೊ ಬರುತ್ತವೆ, 'ಹಾರುವ ತಟ್ಟೆ' ಎಂಬ ಒಕ್ಕಣೆಯೊಂದಿಗೆ. ಎಷ್ಟು ಗಂಟೆಗೆ, ಯಾವ ದಿಕ್ಕಿಗೆ ಕಂಡಿತು ಎಂದು ಕೇಳಿದರೆ ಉತ್ತರವಿಲ್ಲ.

ಸೇನೆಗಳು ಮೊದಲು ಕೇಳುವುದು ಆ ಪ್ರಶ್ನೆಗಳನ್ನೇ. ಅಮೆರಿಕದ ವಾಯುಪಡೆ 1947ರಿಂದ 1969ರವರೆಗೆ ಇಂಥ 12,618 ವರದಿಗಳನ್ನು ದಾಖಲಿಸಿತು. 1952ರಿಂದ ಆ ಕೆಲಸಕ್ಕೆ 'ಪ್ರಾಜೆಕ್ಟ್ ಬ್ಲೂ ಬುಕ್' ಎಂದು ಹೆಸರು. ಕಂಡವರಿಗೆ ಪ್ರಶ್ನಾವಳಿ ಕೊಟ್ಟು ಸಮಯ, ದಿಕ್ಕು, ಎತ್ತರ, ಎಷ್ಟು ಹೊತ್ತು ಕಂಡಿತೆಂಬುದನ್ನು ಬರೆಸಿಕೊಂಡರು. ವಿಮಾನ, ಬಲೂನು, ಗ್ರಹ, ಉಲ್ಕೆಗಳೊಂದಿಗೆ ತಾಳೆ ನೋಡಿದರು. ಖಗೋಳ ವಿಜ್ಞಾನಿ ಜೆ. ಅಲೆನ್ ಹೈನೆಕ್ ಸಲಹೆಗಾರರಾಗಿದ್ದರು. ಕೊನೆಗೆ 701 ವರದಿಗಳಿಗೆ ವಿವರಣೆ ಸಿಗಲಿಲ್ಲ. ಅನ್ಯಲೋಕದ ವಾಹನವೆಂಬುದಕ್ಕೆ ಒಂದರಲ್ಲೂ ಪುರಾವೆ ಇರಲಿಲ್ಲ.

ನಮ್ಮ ದೇಶದ ಪ್ರಕರಣ ನನಗೆ ಇನ್ನೂ ಹತ್ತಿರದ್ದು. 2012ರಲ್ಲಿ ಲಡಾಖಿನ ಪ್ಯಾಂಗಾಂಗ್ ಸರೋವರದ ಬಳಿ ಗಡಿ ಕಾಯುತ್ತಿದ್ದವರು ಚೀನಾದ ಕಡೆಯಿಂದ ಹಳದಿ ಬೆಳಕಿನ ಗೋಲಗಳು ಮೇಲೇರಿ, ಗಂಟೆಗಟ್ಟಲೆ ಆಕಾಶ ದಾಟಿ ಮರೆಯಾಗುತ್ತವೆಂದು ವರದಿ ಮಾಡಿದರು. ಗೂಢಚಾರಿ ಡ್ರೋನ್ ಇರಬಹುದೆಂದು ಸೇನೆ ರೇಡಾರನ್ನೂ ಸ್ಪೆಕ್ಟ್ರಮ್ ಅನಲೈಸರನ್ನೂ ತರಿಸಿತು. ಕಣ್ಣಿಗೆ ಕಂಡದ್ದು ರೇಡಾರಿಗೆ ಸಿಗಲಿಲ್ಲ. ಆಗ ಪ್ರಶ್ನೆ ಬಂದದ್ದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ. ಅದೇ ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, ಆ ಸಂಸ್ಥೆಯ ದೂರದರ್ಶಕವಿದೆ. ಅದನ್ನು ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ವಿಜ್ಞಾನಿಗಳ ಉತ್ತರ 2013ರಲ್ಲಿ ಪತ್ರಿಕೆಗಳಲ್ಲಿ ಬಂತು: ಕಂಡದ್ದು ಗುರು ಮತ್ತು ಶುಕ್ರ.

2012ರ ಕೊನೆಯಲ್ಲಿ ಗುರು ಸಂಜೆಯೇ ಪೂರ್ವದಲ್ಲಿ ಮೂಡುತ್ತಿತ್ತು, ಶುಕ್ರ ಬೆಳಗಿನ ಜಾವ. ಆ ಎತ್ತರದ ತೆಳು ಗಾಳಿಯಲ್ಲಿ ಎರಡೂ ಹೆಚ್ಚು ಪ್ರಖರ. ನಕ್ಷತ್ರಗಳು ದಿನಕ್ಕೆ ಸುಮಾರು ನಾಲ್ಕು ನಿಮಿಷ ಮುಂಚೆ ಮೂಡುತ್ತವೆ. ದೂರದ ಗುರುವಿನ ಲೆಕ್ಕವೂ ಹೆಚ್ಚುಕಡಿಮೆ ಅದೇ. ಡ್ರೋನ್ ಹಾಗೆ ಲೆಕ್ಕ ಇಟ್ಟು ಬರುವುದಿಲ್ಲ. ಕಂಡ ಹೊತ್ತು ಮತ್ತು ಜಾಗವನ್ನು ದಿನದಿನ ಬರೆದಿಟ್ಟರೆ ಈ ವ್ಯತ್ಯಾಸ ತಾನೇ ಗೊತ್ತಾಗುತ್ತದೆ.

ಬೆಳ್ಳಿಯನ್ನು ಡ್ರೋನ್ ಎಂದುಕೊಂಡ ಕಾವಲುಗಾರರನ್ನು ನಾನು ದೂರುವುದಿಲ್ಲ. ವೈರಿಯ ಗಡಿಯಲ್ಲಿ ಅನುಮಾನ ಬಂದದ್ದನ್ನು ತಿಳಿಸುವುದು ಅವರ ಕರ್ತವ್ಯ. 2023ರ ನವೆಂಬರ್ 19ರಂದು ಇಂಫಾಲದ ವಿಮಾನ ನಿಲ್ದಾಣದ ಬಳಿ ಗುರುತಿಲ್ಲದ ವಸ್ತು ಕಂಡಾಗ ವಿಮಾನಗಳನ್ನು ಕೆಲವು ಗಂಟೆ ನಿಲ್ಲಿಸಿ, ವಾಯುಪಡೆ ಎಚ್ಚೆತ್ತುಕೊಂಡದ್ದೂ ಸರಿಯೇ. ಮುಂಬೈ ದಾಳಿಕೋರರು ಬಂದದ್ದು ಕಡಲ ದಾರಿಯಿಂದ. ನಮ್ಮ ಕರಾವಳಿಗೂ ಎಚ್ಚರ ಬೇಕೇ ಬೇಕು.

ಆದ್ದರಿಂದ ಹೊನ್ನಾವರ, ಕುಮಟಾ, ಭಟ್ಕಳದ ಗೆಳೆಯರಲ್ಲಿ ಒಂದು ಕೋರಿಕೆ. ಗುರುತು ಹತ್ತದ ಬೆಳಕು ಕಂಡರೆ ಮೊದಲು ಗಂಟೆ ನೋಡಿ. ದಿಕ್ಕು ಗುರುತಿಸಿ. ತೋಳು ಚಾಚಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿ. ದಿಗಂತದಿಂದ ಎಷ್ಟು ಮುಷ್ಟಿ ಮೇಲಿದೆ ಎಂದು ಎಣಿಸಿ. ಮರುದಿನ ಅದೇ ಹೊತ್ತಿಗೆ ಅಂಗಳಕ್ಕೆ ಬಂದು ಮತ್ತೆ ನೋಡಿ. ಆಮೇಲೂ ಅನುಮಾನ ಉಳಿದರೆ ಪೊಲೀಸರಿಗೆ ತಿಳಿಸಿ. ಮನೆಯ ಮಕ್ಕಳಿಗೆ ಬೆಳ್ಳಿ ಯಾವುದೆಂದು ಇವತ್ತೇ ತೋರಿಸಿ.