ಕೆಟ್ಟಿದ್ದು ಬೆಲ್ಟು, ಕಿತ್ತಿದ್ದು ರೇಡಿಯೊ

ನಮ್ಮೂರು ಅಬಲೂರು, ಹಿರೇಕೆರೂರು ತಾಲೂಕು. ಸರ್ವಜ್ಞನ ಊರು ಅಂದ್ರೆ ಬೆಂಗಳೂರಿನ ಆಫೀಸಿನಲ್ಲೂ ಕೆಲವರು 'ಓಹೋ' ಅಂತಾರೆ. ಆ ಊರಲ್ಲಿ ಹುಟ್ಟಿದ್ದಕ್ಕೋ ಏನೋ, ನನಗೂ ಎಲ್ಲ ಗೊತ್ತು ಅನ್ನೋ ಭ್ರಮೆ ಸ್ವಲ್ಪ ಜಾಸ್ತಿನೇ ಇತ್ತು. ಅದನ್ನ ಇಳಿಸಿದ್ದು ಅಪ್ಪನ ಕಾರಿನ ಟೇಪ್ ಸೆಟ್ಟು.

ಕಾರು ಹದಿನೆಂಟು ವರ್ಷ ಹಳೆಯ ಮಾರುತಿ 800. ಅದರಲ್ಲೊಂದು ಕ್ಯಾಸೆಟ್ ಹಾಕುವ ಸೆಟ್. ಎಡಕ್ಕೊಂದು, ಬಲಕ್ಕೊಂದು ತಿರುಗಿಸುವ ಗುಂಡಿ, ನಡುವೆ ಸ್ಟೇಷನ್ ತೋರಿಸುವ ಕೆಂಪು ಮುಳ್ಳು. ಹೋದ ವರ್ಷ ಯುಗಾದಿಗೆ ಊರಿಗೆ ಹೋದಾಗ ಒಂದು ಕ್ಯಾಸೆಟ್ ಹಾಕಿದೆ. ಹಾಡು ನಿದ್ದೆಗಣ್ಣಿನವರ ಮಾತಿನ ಹಾಗೆ ಎಳೆದೆಳೆದು ಬಂತು.

"ಇದರ ಕತಿ ಮುಗೀತು ಅಪ್ಪಾ, ಹೊಸಾದು ಹಾಕೋಣ."

"ನೋಡಪಾ, ನಿನಗ ಹೆಂಗ ಬೇಕೋ ಹಂಗ ಮಾಡು."

ನಮ್ಮ ಕಡೆ ಅಪ್ಪಂದಿರ ಈ ಮಾತಿಗೆ 'ಬ್ಯಾಡ' ಅಂತಲೂ ಅರ್ಥ ಇದೆ. ನನಗೆ ಆಗ ಹೊಳೀಲಿಲ್ಲ.

ಬ್ಲೂಟೂತ್, ಯುಎಸ್‌ಬಿ ಎಲ್ಲ ಇರುವ ಸೆಟ್ ಆನ್‌ಲೈನ್‌ನಲ್ಲಿ 2,300 ರೂಪಾಯಿಗೆ ತರಿಸಿದೆ. ಇಂಥ ಸೆಟ್ ಕೂರುವ ಗೂಡಿನ ಅಳತೆ ಒಂದೇ: ಅಗಲ 180, ಎತ್ತರ 50 ಮಿಲಿಮೀಟರ್. ಹಾಗಾಗಿ ಹೊಸದು ಸಲೀಸಾಗಿ ಕೂತಿತು. ಯೂಟ್ಯೂಬ್ ನೋಡಿ ವೈರ್ ನಾನೇ ಜೋಡಿಸಿದೆ. ಹಾಡು ಬಂತು. ಸ್ಟೇಟಸ್‌ಗೆ ಫೋಟೊ ಹಾಕಿ ಬೆಂಗಳೂರು ಬಸ್ ಹತ್ತಿದೆ.

ದೀಪಾವಳಿಗೆ ಮತ್ತೆ ಹೋದೆ. ಅಪ್ಪ, ಅವ್ವನ ಜೊತೆ ಹಿರೇಕೆರೂರು ಸಂತೆಗೆ ಹೊರಟಾಗ ಕಾರಿನೊಳಗೆ ಸದ್ದೇ ಇಲ್ಲ.

"ಯಾಕಪ್ಪಾ, ಸೆಟ್ ಹಚ್ಚಿಲ್ಲ?"

"ಇರ್ಲಿ ಬಿಡು."

ಹಿಂದಿನ ಸೀಟಿನಿಂದ ಅವ್ವ ಹೇಳಿದ್ಲು: "ಏಳು ತಿಂಗಳಾತು, ಒಂದಿನಾನೂ ಹಚ್ಚಿಲ್ಲ. ಕೀಲಿ ತಿರುವಿದ ಕೂಡ್ಲೆ ಯಾವಾಕಿನೋ ಇಂಗ್ಲೀಷಿನಾಗ ಒದರ್ತಾಳ. ಅದರಾಗ ಧಾರವಾಡ ಬರೂದಿಲ್ಲಂತ."

ಧಾರವಾಡ ಅಂದ್ರೆ ಆಕಾಶವಾಣಿ. 1950ರ ಜನವರಿ 8ರಂದು ಶುರುವಾದ ಕೇಂದ್ರ, ಮೀಡಿಯಂ ವೇವ್‌ನಲ್ಲಿ 765 ಕಿಲೋಹರ್ಟ್ಸ್. ಎಫ್‌ಎಂ ಅಲೆ ನೇರ ದಾರಿಯದು, ಭೂಮಿಯ ಬಾಗು, ಗುಡ್ಡ ಅಡ್ಡ ಬಂದರೆ ಅಲ್ಲಿಗೆ ಮುಗೀತು. ಮೀಡಿಯಂ ವೇವ್ ನೆಲ ಹಿಡಿದು ಸಾಗುತ್ತೆ. ಅದಕ್ಕೇ ನೂರು ಕಿಲೋಮೀಟರಿಗೂ ದೂರದ ಧಾರವಾಡ ನಮ್ಮ ಹೊಲದವರೆಗೂ ಕೇಳಿಸುತ್ತೆ. ನಾನು ತಂದ ಸೆಟ್‌ನಲ್ಲಿ ಇದ್ದದ್ದು ಬರೀ ಎಫ್‌ಎಂ.

ಅಪ್ಪ ಸಂಜೆ ಹೊಲದಿಂದ ಬರುವಾಗ ರೈತರ ಕಾರ್ಯಕ್ರಮ, ವಾರ್ತೆ ಕೇಳ್ತಿದ್ದ. ಮುಗಿಯದಿದ್ರೆ ಮನೆ ಮುಂದೆ ಗಾಡಿ ನಿಲ್ಲಿಸಿಕೊಂಡೇ ಕೂತಿರ್ತಿದ್ದ. ರಾತ್ರಿ ಊಟಕ್ಕೆ ಕೂತಾಗ ಗೋವಿನಜೋಳದ ಹುಳದಿಂದ ಹಿಡಿದು ದಿಲ್ಲಿವರೆಗೂ ಅದೇ ಮಾತು. ಇದೆಲ್ಲ ನೋಡುತ್ತಲೇ ಬೆಳೆದವನು ನಾನು. ಆದ್ರೂ ಸೆಟ್ ಕೀಳುವಾಗ ನೆನಪಾಗಲಿಲ್ಲ.

"ಆಕಾಶವಾಣಿ ಆಪ್ ಐತಲ್ಲಪ್ಪಾ" ಅಂದೆ.

"ಹೊಲದಾಗ ನೆಟ್‌ವರ್ಕ್ ಎಲ್ಲೈತಿ? ಒಂದು ಕೈಯಾಗ ಫೋನು, ಒಂದು ಕೈಯಾಗ ಸ್ಟೇರಿಂಗ್ ಹಿಡೀಲೇನು?"

"ಮತ್ತ ನನಗ್ಯಾಕ ಹೇಳ್ಲಿಲ್ಲ?"

"ನೀ ರೊಕ್ಕ ಹಾಕಿ ಖುಷೀಲೆ ತಂದಿದ್ದಿ. ಹೆಂಗ ಹೇಳೂದು?"

ವಾರವಾರ ಫೋನ್ ಮಾಡಿದಾಗ 'ಎಲ್ಲಾ ಛಲೋ ಐತಿ' ಅಂತಿದ್ದ. ಇನ್ನೂ ಏನೇನು ಹೀಗೆ ಹೇಳದೇ ಉಳಿದಿದೆಯೋ ಅಂತ ಮೊದಲ ಸಲ ಹೆದರಿಕೆ ಆಯ್ತು.

ಹಳೇ ಸೆಟ್ಟನ್ನ ಅವ್ವ ಟವೆಲ್‌ನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ಲು. ಮರುದಿನ ಹಿರೇಕೆರೂರಿನ ರಿಪೇರಿ ಅಂಗಡಿಗೆ ಒಯ್ದ್ವಿ. ಅಂಗಡಿಯವನು ಬಿಚ್ಚಿ ನೋಡಿದ. "ಸರ್ರ, ರೇಡಿಯೊಕ್ಕ ಏನೂ ಆಗಿಲ್ಲ. ಟೇಪಿನ ಬೆಲ್ಟ್ ಸಡಲಾಗೈತಿ, ಹೆಡ್ಡಿಗೆ ಹೊಲಸು ಕುಂತೈತಿ. ಅಷ್ಟ."

ಹೊಸ ಸೆಟ್‌ನ ವೈರಿಂಗ್ ನೋಡಿ ನಕ್ಕುಬಿಟ್ಟ. ಹಳದಿ ವೈರು ಸೀದಾ ಬ್ಯಾಟರಿಗೆ ಹೋಗಬೇಕು, ಸೆಟ್‌ನ ನೆನಪು ಉಳಿಸೋದು ಅದೇ. ಕೆಂಪು ಕೀಲಿಗೆ, ಕಪ್ಪು ಬಾಡಿಗೆ. ನಾನು ಹಳದಿ, ಕೆಂಪು ಎರಡನ್ನೂ ಹೊಸೆದು ಕೀಲಿಗೇ ಕೊಟ್ಟಿದ್ದೆ. ಕೀಲಿ ತೆಗೆದಾಗಲೆಲ್ಲ ಸೆಟ್ ಎಲ್ಲ ಮರೆತು, ಮತ್ತೆ ಹೊಸದಾಗಿ ಇಂಗ್ಲಿಷಿನಲ್ಲಿ ಕೂಗುತ್ತಿತ್ತು.

ಎಲ್ಲರಿಂದ ಒಂದೊಂದು ಮಾತು ಕಲಿತೇ ಸರ್ವಜ್ಞ ಆದೆ ಅಂದವನ ಊರಿನವನು ನಾನು. ಮನೆಯಲ್ಲೇ ಇದ್ದ ಅಪ್ಪನನ್ನ 'ಏನು ಕೇಳ್ತೀ?' ಅಂತ ಒಂದು ಮಾತು ಕೇಳಿರಲಿಲ್ಲ.

ರಿಪೇರಿಗೆ ಎರಡು ತಾಸು ಹಿಡೀತು. ಅಂಗಡಿ ಮುಂದಿನ ಬೆಂಚಿನ ಮೇಲೆ ಚಹಾ ಕುಡೀತಾ ಕೂತಾಗ ಅಪ್ಪ ತಾನಾಗೇ ಬಾಯಿಬಿಟ್ಟ: "ಎಡಗಣ್ಣು ಮಂಜಾಗೈತಿ. ರಾತ್ರಿ ಎದುರಿನ ಗಾಡಿ ಲೈಟ್ ಬಿದ್ರ ರಸ್ತೆನ ಕಾಣೂದಿಲ್ಲ."

ಬೆಲ್ಟು, ಕೂಲಿ ಸೇರಿ 250 ರೂಪಾಯಿ ಆಯ್ತು. ಹಳೇ ಸೆಟ್ ತನ್ನ ಗೂಡಿಗೆ ವಾಪಸ್ ಬಂತು. ಹೊಸದನ್ನ ಕಾಕಾನ ಮಗ ತನ್ನ ಟ್ರ್ಯಾಕ್ಟರಿಗೆ ಹಾಕಿಸಿಕೊಂಡ. ಈಗ ಊರಿಗೆಲ್ಲ ಅವನದೇ ಹಾಡು. ನನ್ನ ಫೋನಿನ ಹಾಡಿಗೆ ಕ್ಯಾಸೆಟ್ ಆಕಾರದ ಅಡಾಪ್ಟರ್ ತಂದೆ. ಅದನ್ನ ಟೇಪಿನೊಳಗೆ ತುರುಕಿ, ವೈರನ್ನ ಫೋನಿಗೆ ಚುಚ್ಚಿದ್ರೆ ಸಾಕು.

ನೀವೂ ಅಪ್ಪ-ಅಮ್ಮನ ಗಾಡಿಗೆ ಹೊಸ ಸೆಟ್ ಹಾಕಿಸೋರಿದ್ರೆ ಮೊದಲು ಅವರು ಏನು ಕೇಳ್ತಾರೆ ಅಂತ ವಿಚಾರಿಸಿ. ರೇಡಿಯೊ ಅಂದ್ರೆ, ಡಬ್ಬಿ ಮೇಲೆ ಎಎಂ ಅಂತ ಇದೆಯಾ ನೋಡಿ. ಗಾಡಿಯ ಹಳೇ ಸಾಕೆಟ್ ಕತ್ತರಿಸಬೇಡಿ, ಅದಕ್ಕೆ ಹೊಂದುವ ಕನೆಕ್ಟರ್ ಸಿಗುತ್ತೆ. ಹಳೇ ಸೆಟ್ಟನ್ನ ಗುಜರಿಗೆ ಹಾಕೋ ಅವಸರವೂ ಬೇಡ.

ಮುಂದಿನ ವಾರ ರಜೆ ಹಾಕಿ ಅಪ್ಪನನ್ನ ಕಣ್ಣಿನ ಡಾಕ್ಟರ್ ಹತ್ರ ಕರಕೊಂಡು ಹೋದೆ. ಕರೆಂಟಿನ ದೊಡ್ಡ ಲೈನ್ ಬಂದಲ್ಲಿ ರೇಡಿಯೊ ಗರಗರ ಅಂತಿತ್ತು. ಅಪ್ಪ ಗುಂಡಿಯನ್ನ ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಧಾರವಾಡ ಹಿಡೀತಿದ್ದ. ಗಾಡಿ ನಾನು ಹೊಡೆದೆ. ರೇಡಿಯೊ ಮಾತ್ರ ಅವನ ಕೈಯಲ್ಲೇ ಇತ್ತು.