ಎರಡು ಸೆಕೆಂಡಿನ ಸದ್ದು

ಕಳೆದ ದೀಪಾವಳಿಗೆ ಇನ್ನೂ ಮೂರು ವಾರ ಇರುವಾಗ ನಮ್ಮ ಕಾರು ಬೆಳಗ್ಗೆ ಬೆಳಗ್ಗೆ ಸದ್ದು ಮಾಡತೊಡಗಿತು. ಕೀಲಿ ತಿರುಗಿಸಿ ಇಂಜಿನ್ ಹೊತ್ತಿಕೊಂಡ ಕೂಡಲೇ ಒಳಗಿನಿಂದ ಒಂದು ಗಲಗಲ. ಎರಡೇ ಸೆಕೆಂಡು. ಆಮೇಲೆ ಏನೂ ಆಗಿಲ್ಲವೆಂಬಂತೆ ಎಂದಿನ ಮೆತ್ತನೆಯ ಗುಂಯ್. ನಮ್ಮದು ಪುಣೆಯ ವಾಕಡ್‌ನಲ್ಲಿ ಬೇಸ್‌ಮೆಂಟ್ ಪಾರ್ಕಿಂಗ್ ಇರುವ ಫ್ಲ್ಯಾಟು. ಅಲ್ಲಿ ಗೋಡೆಗೆ ಬಡಿದು ಬರುವುದರಿಂದ ಸಣ್ಣ ಸದ್ದೂ ದೊಡ್ಡದಾಗಿ ಕೇಳುತ್ತದೆ ಎಂದು ಮೊದಲ ನಾಲ್ಕು ದಿನ ಸಮಾಧಾನ ಮಾಡಿಕೊಂಡೆ. ಐದನೆಯ ದಿನ ಹೆಂಡತಿ, "ಇದೇ ಗಾಡಿಯಲ್ಲಿ ಹಬ್ಬಕ್ಕೆ ಹುಬ್ಬಳ್ಳಿಗೆ ಹೋಗುವುದಾ?" ಎಂದು ಕೇಳಿದಳು. ಹುಬ್ಬಳ್ಳಿ ಇಲ್ಲಿಂದ ಸುಮಾರು 430 ಕಿಲೋಮೀಟರ್. ನಡುವೆ ಖಂಬಾಟ್ಕಿ ಘಾಟು, ಹಿಂದಿನ ಸೀಟಿನಲ್ಲಿ ಆರು ವರ್ಷದ ಮಗಳು. ಸಮಾಧಾನ ಅಲ್ಲಿಗೆ ಮುಗಿಯಿತು.

ಕಾರು ಎಂಟು ವರ್ಷದ್ದು, ಪೆಟ್ರೋಲ್, 87,000 ಕಿಲೋಮೀಟರ್ ಓಡಿದೆ. ಶನಿವಾರ ಸರ್ವಿಸ್ ಸೆಂಟರಿಗೆ ಒಯ್ದರೆ ಅಲ್ಲಿ ಸದ್ದೇ ಬರಲಿಲ್ಲ. ಮನೆಯಿಂದ ಅಲ್ಲಿಯವರೆಗೆ ಓಡಿ ಇಂಜಿನ್ ಬಿಸಿಯಾಗಿತ್ತಲ್ಲ! ನಮ್ಮ ಕೆಲಸದಲ್ಲೂ ಇಂಥ ಬಗ್‌ಗಳಿರುತ್ತವೆ. ಗ್ರಾಹಕನ ಸಿಸ್ಟಮ್ಮಿನಲ್ಲಿ ದಿನಾ ಬರುತ್ತದೆ, ನಾವು ನೋಡಲು ಕೂತಾಗ ಮಾತ್ರ ಬರುವುದಿಲ್ಲ. ಅಡ್ವೈಸರ್ ಹುಡುಗ ಜಾಬ್ ಕಾರ್ಡಿನಲ್ಲಿ 'ಅಬ್‌ನಾರ್ಮಲ್ ನಾಯ್ಸ್' ಎಂದು ಬರೆದುಕೊಂಡು, ಗಾಡಿಯನ್ನು ರಾತ್ರಿ ಅಲ್ಲೇ ಬಿಡಲು ಹೇಳಿದ. ಮರುದಿನ ಫೋನ್ ಬಂತು. ಟೈಮಿಂಗ್ ಚೈನ್, ಅದರ ಟೆನ್ಷನರ್, ಗೈಡುಗಳು, ಎಲ್ಲ ಬದಲಿಸಬೇಕು. 46,000 ರೂಪಾಯಿ, ಐದು ದಿನದ ಕೆಲಸ. ಚೈನ್ ಜಾರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಇಂಜಿನ್ನೇ ಹೋಗಬಹುದು ಎಂದೂ ಹೇಳಿದ. ಅದು ಹೆದರಿಸುವ ಮಾತಾಗಿರಲಿಲ್ಲ, ಅನೇಕ ಇಂಜಿನ್‌ಗಳಲ್ಲಿ ನಿಜಕ್ಕೂ ಹಾಗಾಗುತ್ತದೆ. ನಾಳೆ ಹೇಳುತ್ತೇನೆ ಎಂದು ಗಾಡಿ ವಾಪಸ್ಸು ತಂದೆ.

ಹೇಳಬೇಕಾದದ್ದು ಅವನಿಗಲ್ಲ, ಅಪ್ಪನಿಗೆ.

ನಮ್ಮಪ್ಪ ಹುಬ್ಬಳ್ಳಿಯ ಬಸ್ ಡಿಪೋದಲ್ಲಿ 31 ವರ್ಷ ಮೆಕ್ಯಾನಿಕ್ ಆಗಿದ್ದವರು. ಸಣ್ಣವನಿದ್ದಾಗ ರವಿವಾರ ಅವರ ಜೊತೆ ಡಿಪೋಗೆ ಹೋಗುತ್ತಿದ್ದೆ. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಆನಿಸಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಅರ್ಧ ನಿಮಿಷದ ಮೇಲೆ "ಮೂರನೇದು" ಎನ್ನುವರು. ಮೂರನೆಯ ಸಿಲಿಂಡರ್ ಬಿಚ್ಚಿದರೆ ತಪ್ಪು ಅಲ್ಲೇ ಇರುತ್ತಿತ್ತು. ಎಂ.ಟೆಕ್. ಮಾಡಿ ಹದಿನೈದು ವರ್ಷ ಕಂಪ್ಯೂಟರಿನ ಮುಂದೆ ಕೂತ ಮೇಲೂ ಅಷ್ಟು ಖಚಿತವಾಗಿ 'ಮೂರನೇದು' ಎಂದು ಹೇಳುವ ಧೈರ್ಯ ನನಗೆ ಬಂದಿಲ್ಲ.

ಮರುದಿನ ಬೆಳಗ್ಗೆ ಬಾನೆಟ್ ಎತ್ತಿ, ಫೋನನ್ನು ಇಂಜಿನ್ ಪಕ್ಕ ಹಿಡಿದು ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದೆ. ಅಪ್ಪ ಫೋನ್ ಮಾಡಿದರು.

"ಏನೂ ಇಲ್ಲಲ್ಲೋ ತಮ್ಮಾ. ಗಾಡಿ ಚೊಲೋ ಐತಿ."

ಸರಿಯಾಗಿ ರೆಕಾರ್ಡ್ ಆಗಿರಲಿಕ್ಕಿಲ್ಲ ಎಂದುಕೊಂಡೆ. ಮರುದಿನ ಇನ್ನೂ ಹತ್ತಿರ ಹಿಡಿದು ಕಳಿಸಿದೆ. ಈ ಸಲ ಅವರು ಅಮ್ಮನ ಫೋನಿನಲ್ಲಿ ಅದನ್ನು ಹಚ್ಚಿ, ತಮ್ಮ ಫೋನಿನಿಂದ ನನ್ನ ಜೊತೆ ಮಾತಾಡುತ್ತಿದ್ದರು. "ಇಲ್ಲೋ. ಏನೂ ಕೇಳಸವಲ್ದು" ಎಂದರು. ಆಗ ಅಡುಗೆಮನೆಯಿಂದ ಅಮ್ಮನ ದನಿ ಬಂತು: "ಅಲ್ರೀ, ಅಷ್ಟ್ ಜೋರ್ ಐತಲ್ಲ! ಡಬ್ಬ್ಯಾಗ ಶೇಂಗಾ ಹಾಕಿ ಅಳ್ಳಾಡ್ಸಿದಂಗ."

"ಎಲ್ಲಿ?"

"ಮೊದಲಿಗೇ. ಚಾಲೂ ಆದ ಕೂಡ್ಲೇ."

ಮತ್ತೊಮ್ಮೆ ಹಚ್ಚಿದ್ದು ನನಗೂ ಕೇಳಿತು. ಸ್ಪಷ್ಟವಾದ ಗಲಗಲ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಹೂಂ" ಎಂದಷ್ಟೇ ಅಂದು ಫೋನ್ ಇಟ್ಟರು.

ಎರಡು ವರ್ಷದಿಂದ ಕಣ್ಣ ಮುಂದೆಯೇ ಇದ್ದ ಸಂಗತಿಗಳು ಆ ದಿನ ಆಫೀಸಿಗೆ ಹೋಗುವ ದಾರಿಯಲ್ಲಿ ಒಂದೊಂದಾಗಿ ನೆನಪಾದವು. ಟಿವಿಯ ದನಿ ಏರುತ್ತಾ ಹೋಗಿದ್ದು. ಮೊಮ್ಮಗಳು ವೀಡಿಯೊ ಕಾಲ್‌ನಲ್ಲಿ ಒಂದು ಕೇಳಿದರೆ ಅವರು ಇನ್ನೊಂದಕ್ಕೆ ಉತ್ತರ ಕೊಟ್ಟಿದ್ದು, ನಾವೆಲ್ಲ ನಕ್ಕಿದ್ದು. ಗದ್ದಲದಲ್ಲಿ ವರ್ಷಗಟ್ಟಲೆ ದುಡಿದವರಿಗೆ ಕಿವಿ ಒಂದೇ ಸಲ ಹೋಗುವುದಿಲ್ಲ. ಮೊದಲು ಸವೆಯುವುದು ಮೇಲಿನ ತರಂಗಗಳು, ಹೆಚ್ಚಾಗಿ 4,000 ಹರ್ಟ್ಸ್‌ನ ಆಸುಪಾಸು. ಬಸ್ಸಿನ ಗಡಗಡ ಕೇಳುತ್ತದೆ, ಗಂಡಸರ ದಪ್ಪ ದನಿ ಕೇಳುತ್ತದೆ. ಸ, ಶ, ತ ಇಂಥ ಅಕ್ಷರಗಳು, ಮಕ್ಕಳ ಮಾತು, ತೆಳು ಲೋಹದ ಸದ್ದು ಜಾರಿಹೋಗುತ್ತವೆ. ಕೇಳಿಸುತ್ತದೆ ಆದರೆ ತಿಳಿಯುವುದಿಲ್ಲ ಅನ್ನುವ ಸ್ಥಿತಿ. ಡಿಪೋದಲ್ಲಿ ಆ ಕಾಲಕ್ಕೆ ಯಾರೂ ಕಿವಿಗೆ ಏನೂ ಹಾಕಿಕೊಳ್ಳುತ್ತಿರಲಿಲ್ಲ. ಕಿವಿ ಮುಚ್ಚಿಕೊಂಡರೆ ಕೆಲಸ ಮಾಡುವುದಾದರೂ ಹೇಗೆ?

ಇನ್ನು ಈ ಕಾರಿನ ವಿಷಯ ಅವರ ಹತ್ತಿರ ಎತ್ತುವುದೇ ಬೇಡ, 46,000 ಕೊಟ್ಟು ಮುಗಿಸೋಣ ಎಂದು ನಿರ್ಧರಿಸಿದ್ದೆ. ರಾತ್ರಿ ಒಂಬತ್ತಕ್ಕೆ ಅವರೇ ಫೋನ್ ಮಾಡಿದರು. ಕಿವಿಯ ಬಗ್ಗೆ ಒಂದು ಮಾತಿಲ್ಲ. "ನಿಮ್ಮವ್ವನ್ನ ಕುಂದರಿಸ್ಕೊಂಡೇನಿ. ಮತ್ತೊಮ್ಮೆ ಕೇಳಸ್ತೇನಿ ಆಕಿಗೆ. ನಾ ಕೇಳಿದ್ದಕ್ಕ ಇಬ್ರೂ ಜವಾಬ್ ಕೊಡ್ರಿ."

ಮೊದಲ ಪ್ರಶ್ನೆ ಅಮ್ಮನಿಗೆ. "ಗಲಗಲ ಅಂತೈತೋ, ಕಟಕಟ ಅಂತೈತೋ, ಟಕ್ ಟಕ್ ಅಂತೈತೋ?"

ನಾನು ನಗಲಿಲ್ಲ, ಏಕೆಂದರೆ ಆ ಮೂರೂ ಬೇರೆ ಬೇರೆ ರೋಗಗಳು ಎಂದು ಅಪ್ಪ ಬಿಡಿಸಿ ಹೇಳಿದರು. ಒಂದೇ ಹದದಲ್ಲಿ ಸಣ್ಣಗೆ ಕಟಕಟ ಎಂದು ಬಡಿಯುವುದು ವಾಲ್ವಿನ ಕಡೆಯದು, ಮೆಕ್ಯಾನಿಕ್‌ಗಳ ಬಾಯಲ್ಲಿ 'ಟ್ಯಾಪೆಟ್ ಆವಾಜು'. ದಪ್ಪಗೆ ಟಕ್ ಟಕ್ ಎಂದು ಬಡಿದು, ಇಂಜಿನ್ ಬಿಸಿಯಾಗುವವರೆಗೂ ನಿಮಿಷಗಟ್ಟಲೆ ಇದ್ದರೆ ಅದು ಸವೆದ ಪಿಸ್ಟನ್. ತಗಡು ಅದುರಿದ ಹಾಗೆ ಝರ್ರ್ ಎಂದರೆ ಸೈಲೆನ್ಸರ್ ಕಡೆಯ ಹೀಟ್ ಶೀಲ್ಡ್ ಸಡಿಲಾಗಿರುತ್ತದೆ, ಅದಕ್ಕೆ ಬೆಳಗು ಸಂಜೆ ಎಂಬ ಭೇದವಿಲ್ಲ. ಗಲಗಲ ಮಾತ್ರ ಸಡಿಲವಾದ ಸರಪಳಿಯದು. ಪುಣೆಯಲ್ಲಿ ನಾನು ಹಿಂದಿಯಲ್ಲಿ 'ಆವಾಜ್ ಆ ರಹಾ ಹೈ' ಎಂದಷ್ಟೇ ಹೇಳಿದ್ದೆ. ಜಾಬ್ ಕಾರ್ಡಿನಲ್ಲಿ ಅದು ಇಂಗ್ಲಿಷಿಗೆ ಹೋಗಿ ಇನ್ನೂ ಬಡವಾಗಿತ್ತು.

"ಗಲಗಲನ. ಹೇಳಿದ್ನೆಲ್ಲ, ಶೇಂಗಾ ಡಬ್ಬಿ" ಎಂದರು ಅಮ್ಮ, ಖಚಿತವಾಗಿ.

ಮುಂದಿನ ಪ್ರಶ್ನೆಗಳೆಲ್ಲ ನನಗೆ, ಎಲ್ಲವೂ 'ಯಾವಾಗ' ಎಂಬ ಒಂದೇ ಶಬ್ದದ ಸುತ್ತ. ಗಾಡಿ ಎಷ್ಟು ಹೊತ್ತು ನಿಂತ ಮೇಲೆ ಬರುತ್ತದೆ? ಬಂದ್ ಮಾಡಿ ಹತ್ತು ನಿಮಿಷಕ್ಕೆ ಚಾಲೂ ಮಾಡಿದರೆ? ನಾಲ್ಕು ತಾಸಿನ ಮೇಲೆ? ನನಗೆ ಗೊತ್ತಿರಲಿಲ್ಲ. "ಗೊತ್ತಿಲ್ದ ಚೈನ್ ಬದಲಿಸಾಕ ಹೊಂಟಿದ್ದಿ?" ಎಂದರು.

ಮುಂದಿನ ನಾಲ್ಕು ದಿನ ಎಕ್ಸೆಲ್ ಶೀಟ್ ಇಟ್ಟೆ. ಹತ್ತು ನಿಮಿಷಕ್ಕೆ ಸದ್ದಿಲ್ಲ. ಆಫೀಸಿನಲ್ಲಿ ನಾಲ್ಕು ತಾಸು ನಿಂತರೆ ತುಸುವೇ ಗಲ್ ಎಂದು ನಿಲ್ಲುತ್ತದೆ. ರಾತ್ರಿಯಿಡೀ ನಿಂತರೆ ಪೂರಾ ಎರಡು ಸೆಕೆಂಡು. ಒಂದು ದಿನ ಗಾಡಿ ತೆಗೆಯದೆ ಎರಡು ರಾತ್ರಿ ಬಿಟ್ಟೆ. ಆಗ ಮೂರು ಸೆಕೆಂಡಿಗೂ ಹೆಚ್ಚು. ಅಂದರೆ ಮುಖ್ಯವಾಗಿದ್ದದ್ದು ನಿಂತ ಹೊತ್ತು. ನಿಂತಾಗ ಏನೋ ಕೆಳಗೆ ಸೋರುತ್ತಿದೆ, ಚಾಲೂ ಆದಾಗ ಅದು ಮೇಲೆ ಬರಲು ಎರಡು ಸೆಕೆಂಡು ಬೇಕಾಗುತ್ತಿದೆ. ಅದು ಆಯಿಲ್.

ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಅನೇಕ ಕಾರುಗಳಲ್ಲಿ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಇಂಜಿನ್ ನಿಂತಾಗ ಒತ್ತಡ ಇಳಿಯುತ್ತದೆ. ಚಾಲೂ ಮಾಡಿದಾಗ ಆಯಿಲ್ ಪಂಪು ಸಂಪಿನಿಂದ ಎಳೆದು, ಫಿಲ್ಟರ್ ದಾಟಿಸಿ, ಅಲ್ಲಿಗೆ ಮುಟ್ಟಿಸುವವರೆಗೆ ಚೈನಿಗೆ ಸರಿಯಾದ ಆಸರೆ ಇಲ್ಲ. ಆ ಹೊತ್ತು ತೀರ ಕಡಿಮೆ ಇರಲಿ ಎಂದು ಫಿಲ್ಟರಿನೊಳಗೆ ಒಂದು ರಬ್ಬರ್ ವಾಲ್ವ್ ಇಟ್ಟಿರುತ್ತಾರೆ. ಇಂಜಿನ್ ಬಂದಾದ ಮೇಲೆ ಆಯಿಲ್ ಹಿಂದಕ್ಕೆ ಹರಿದುಹೋಗದಂತೆ ತಡೆಯುವುದು ಅದರ ಕೆಲಸ. ನನ್ನ ಕಾರಿನಲ್ಲಿ ಫಿಲ್ಟರ್ ಅಡ್ಡಡ್ಡ ಕೂತಿದೆ, ಹಾಗಾಗಿ ಆ ವಾಲ್ವ್ ಕೆಟ್ಟರೆ ರಾತ್ರಿಯೊಳಗೆ ಫಿಲ್ಟರಿನಿಂದ ಆಯಿಲ್ ಹಿಂದಕ್ಕೆ ಸೋರಿಹೋಗುತ್ತದೆ.

"ಫಿಲ್ಟರ್ ಯಾವಾಗ ಬದಲಿಸಿದಿ? ಎಲ್ಲಿ?" ಎಂದು ಅಪ್ಪ ಕೇಳಿದಾಗ ನಾಲಿಗೆ ಕಚ್ಚಿಕೊಂಡೆ. ಆಗಸ್ಟಿನಲ್ಲಿ ಒಂದು ಪ್ರಾಜೆಕ್ಟಿನ ಗೋ-ಲೈವ್ ಇತ್ತು. ಸರ್ವಿಸಿಗೆ ಒಂದು ದಿನ ಕಳೆಯಲಾರದೆ ಮನೆ ಹತ್ತಿರದ ಸಣ್ಣ ಗ್ಯಾರೇಜಿನಲ್ಲಿ ಅರ್ಧ ತಾಸಿನಲ್ಲಿ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿಕೊಂಡಿದ್ದೆ. ಅವನು ಎರಡು ಫಿಲ್ಟರ್ ತೋರಿಸಿದ್ದ. ಅಗ್ಗದ್ದನ್ನು ಆರಿಸಿದವನು ನಾನೇ. ಅವನದೇನೂ ತಪ್ಪಿಲ್ಲ.

ಫಿಲ್ಟರ್ ಬದಲಿಸುವಾಗ ಆಯಿಲನ್ನೂ ಮತ್ತೆ ಹೊಸದು ಹಾಕಿಸಿಬಿಡುತ್ತೇನೆ ಎಂದೆ. "ಬ್ಯಾಡ. ಒಂದ ಬದಲಿಸು. ಎರಡೂ ಬದಲಿಸಿದ್ರ ಯಾವುದರಿಂದ ಹೋತು ಅಂತ ಹೆಂಗ ಗೊತ್ತಾಗ್ತೈತಿ?" ಇದನ್ನೇ ನಾನು ಆಫೀಸಿನಲ್ಲಿ ಹೊಸ ಹುಡುಗರಿಗೆ ಹೇಳುತ್ತಿರುತ್ತೇನೆ. ಎಲ್ಲಿಂದ ಕಲಿತಿದ್ದೆ ಎಂಬುದು ಮರೆತುಹೋಗಿತ್ತು.

ಕಂಪನಿಯ ಅಸಲಿ ಫಿಲ್ಟರಿಗೆ 340 ರೂಪಾಯಿ. ಅದೇ ಗ್ಯಾರೇಜಿನಲ್ಲೇ ಹಾಕಿಸಿ, ಚೆಲ್ಲಿದಷ್ಟು ಆಯಿಲ್ ತುಂಬಿಸಿದೆ. ಬಿಚ್ಚಿದ ಫಿಲ್ಟರಿನ ತೂತಿನೊಳಗೆ ಬೆರಳು ಹಾಕಿ ನೋಡಿದೆ. ಎರಡೂವರೆ ತಿಂಗಳಿಗೇ ರಬ್ಬರು ಗಡುಸಾಗಿ, ಒಂದು ಕಡೆ ಎದ್ದು ನಿಂತಿತ್ತು. ಮರುದಿನ ಬೆಳಗ್ಗೆ ಕೀಲಿ ತಿರುಗಿಸುವಾಗ ಉಸಿರು ಹಿಡಿದಿದ್ದೆ. ಸದ್ದಿಲ್ಲ. ಅದರ ಮರುದಿನವೂ ಇಲ್ಲ.

ಇಲ್ಲಿಗೇ ನಿಲ್ಲಿಸಿದರೆ 340 ರೂಪಾಯಿ 46,000ವನ್ನು ಸೋಲಿಸಿದ ಕಥೆಯಾಗುತ್ತದೆ, ವಾಟ್ಸಾಪ್ ಗುಂಪುಗಳಲ್ಲಿ ಅಂಥವು ಬೇಕಾದಷ್ಟಿವೆ. ಆದರೆ ಮೂರು ದಿನ ನಿಲ್ಲಿಸಿ ಚಾಲೂ ಮಾಡಿದಾಗ ಅರೆಕ್ಷಣ ಸಣ್ಣಗೆ ಗಲ್ ಎಂದಿತು. ಅಪ್ಪನಿಗೆ ಹೇಳಿದೆ. "ಚೈನೂ ಸ್ವಲ್ಪ ದಣದಿರತೈತಿ. ಅಂವ ಹುಡುಗ ಪೂರಾ ಸುಳ್ಳೇನ್ ಹೇಳಿಲ್ಲ" ಎಂದರು. ಬ್ಲೂಟೂತ್ ಸ್ಕ್ಯಾನರ್ ಹಚ್ಚಿ ನೋಡಿದೆ. ಚೈನ್ ಹಿಗ್ಗಿ ಕ್ಯಾಮ್ ಮತ್ತು ಕ್ರ್ಯಾಂಕ್ ಶಾಫ್ಟುಗಳ ಹೊಂದಿಕೆ ತಪ್ಪಿದರೆ ಬರುವ ಪಿ0016 ಕೋಡ್ ಇರಲಿಲ್ಲ. ಕೋಡ್ ಇಲ್ಲವೆಂದ ಮಾತ್ರಕ್ಕೆ ಚೈನ್ ಹೊಸದು ಎಂದಲ್ಲ. ಹಬ್ಬ ಮುಗಿಸಿ ಬಂದ ಮೇಲೆ ಕವರ್ ತೆಗೆಸಿ ಅಳತೆ ನೋಡುವುದು ಎಂದು ತೀರ್ಮಾನವಾಯಿತು. ಅಡ್ವೈಸರ್ ಹುಡುಗನಿಗೂ ಫೋನ್ ಮಾಡಿ ಎಲ್ಲ ಹೇಳಿದೆ. ಅವನು ಬೇಸರಿಸಿಕೊಳ್ಳಲಿಲ್ಲ. ಫಿಲ್ಟರ್ ಯಾವ ಕಂಪನಿಯದು ಎಂದು ಮಾತ್ರ ಕೇಳಿಕೊಂಡ.

ಹುಬ್ಬಳ್ಳಿಗೆ ಹೋದೆವು. ದಾರಿಯಲ್ಲಿ ಏನೂ ಆಗಲಿಲ್ಲ. ಕಾರು ಎರಡು ರಾತ್ರಿ ಮನೆ ಮುಂದೆ ನಿಂತಿತ್ತು. ಮೂರನೆಯ ದಿನ ಬೆಳಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅಪ್ಪ ಬಾನೆಟ್ ಎತ್ತಿಕೊಂಡು ನಿಂತಿದ್ದರು. ಹಳೆಯ ಸ್ಕ್ರೂಡ್ರೈವರ್ ಕೈಯಲ್ಲಿರಲಿಲ್ಲ. ಚೈನ್ ಇರುವ ಕಡೆಯ ಕವರಿನ ಮೇಲೆ ಅಂಗೈ ಇಟ್ಟಿದ್ದರು. ಅಮ್ಮ ರಂಗೋಲಿ ಬಟ್ಟಲು ಹಿಡಿದು ಬಾಗಿಲಲ್ಲಿದ್ದರು. "ಹಚ್ಚು" ಎಂದರು ಅಪ್ಪ. ಹಚ್ಚಿದೆ.

ಅಪ್ಪ ಅಮ್ಮನ ಕಡೆ ನೋಡಿದರು. "ಬಂತೇನ?"

"ಇಲ್ರೀ."

"ಕೈಗೂ ಏನೂ ಬರಲಿಲ್ಲ" ಎಂದು ಬಾನೆಟ್ ಮುಚ್ಚಿದರು. ಕೈ ಒರೆಸಿಕೊಳ್ಳುತ್ತಾ ನನ್ನ ಕಿಟಕಿಯ ಹತ್ತಿರ ಬಂದು, ಬೀದಿಯ ಕಡೆ ನೋಡುತ್ತಾ ಕೇಳಿದರು: "ಆ ಕಿವಿ ಡಾಕ್ಟರ್ ಬೇಸ್ತವಾರ ಇರ್ತಾರಂತ ನಿಮ್ಮವ್ವ ಹೇಳಾಕತ್ತಿದ್ಲು. ನೀ ಎಂದು ಹೊಂಡಾಂವ?"

ಬುಧವಾರ ಹೊರಡಬೇಕಿತ್ತು. ಶುಕ್ರವಾರ ಎಂದೆ.